ಜೇಬಿನಲ್ಲಿ ಹಿಡಿಯೋ ಪುಟಾಣಿ ಪಿಸ್ತೂಲು: ಜನ ಯಾಕೆ ತಗೊಳ್ತಾರೆ?

ಸಾಗರದ ಸುಬ್ಬು, ಅರ್ವಿಂಗ್, ಟೆಕ್ಸಾಸ್

ಒಂದು ವಿಷಯ ಬಹಳ ದಿನದಿಂದ ತಲೆ ತಿನ್ನುತ್ತಿದೆ. ತಿಳಿದವರು ಬಿಡಿಸಿ ಹೇಳಿ. ಅಮೆರಿಕದಲ್ಲಿ ಬಂದೂಕು ಇರಬೇಕೋ ಬೇಡವೋ ಅನ್ನೋ ಜಗಳ ಇಲ್ಲಿ ಬೇಡ, ಅದು ಮುಗಿಯೋ ಮಾತಲ್ಲ.

ನನ್ನ ಪ್ರಶ್ನೆ ಚಿಕ್ಕ ಪಿಸ್ತೂಲುಗಳ ಬಗ್ಗೆ ಮಾತ್ರ. ಆಫೀಸಿನ ಗೆಳೆಯನೊಬ್ಬನ ಜೊತೆ ಬಂದೂಕು ಅಂಗಡಿಗೆ ಹೋಗಿದ್ದೆ. ಗಾಜಿನ ಕಪಾಟಿನಲ್ಲಿ ಒಂದಿಡೀ ಸಾಲು ಅಂಗೈಯೊಳಗೆ ಮುಚ್ಚಿಹೋಗುವಂಥವೇ. ರೂಗರ್ ಎಲ್‌ಸಿಪಿ, ಕೆಲ್‌-ಟೆಕ್ ಪಿ-32, ಐದು ಗುಂಡಿನ ಗಿಡ್ಡ ರಿವಾಲ್ವರ್‌ಗಳು. ಅಂಗಡಿಯವನು ಒಂದನ್ನು ಖಾಲಿ ಮಾಡಿ ತೋರಿಸಿ ಕೈಗೆ ಕೊಟ್ಟ. ಹಿಡಿಯಲ್ಲಿ ಎರಡೇ ಬೆರಳಿಗೆ ಜಾಗ. ಕಾಫಿ ಲೋಟ ಎತ್ತಿದಾಗ ಕೆಲವರ ಕಿರುಬೆರಳು ಹೊರಗೆ ಚಾಚಿಕೊಳ್ಳುತ್ತದಲ್ಲ, ನನ್ನದೂ ಹಾಗೇ ಚಾಚಿಕೊಂಡಿತ್ತು. ಗುರಿ ನೋಡೋ ಮುಳ್ಳು ಇದೆಯೋ ಇಲ್ಲವೋ ಅನ್ನುವಷ್ಟು ಸಣ್ಣದು.

ಪಕ್ಕದಲ್ಲೇ ದೊಡ್ಡ ಪಿಸ್ತೂಲು ಇತ್ತು. ಹಿಡಿಯೋಕೆ ಸುಲಭ, ಗುಂಡು ಜಾಸ್ತಿ, ಗುರಿ ಇಡೋದೂ ಸುಲಭ ಅಂತ ಅಂಗಡಿಯವನೇ ಹೇಳಿದ. ಹಾಗಿದ್ದರೆ ಚಿಕ್ಕದನ್ನು ಯಾರು ತಗೊಳ್ತಾರೆ ಅಂದೆ. "ಇಲ್ಲಿಗೆ ಬರುವವರಲ್ಲಿ ಬಹಳ ಜನ ಕೊನೆಗೆ ಅದನ್ನೇ ತಗೊಳ್ಳೋದು" ಅಂದ. ಗೆಳೆಯನ ಹತ್ತಿರ ಎರಡೂ ಇವೆಯಂತೆ. ದೊಡ್ಡದು ಮನೆಯ ಸೇಫ್‌ನಲ್ಲಿ, ಚಿಕ್ಕದು ಪ್ಯಾಂಟಿನ ಜೇಬಿನಲ್ಲಿ. ಇದರ ಲೆಕ್ಕ ಏನು?

ಪ್ಲೇನೋ ರಾಮಣ್ಣ

ಸುಬ್ಬು, ಉತ್ತರ ಒಂದೇ ಪದದಲ್ಲಿ ಬೇಕಾದರೆ: ಸೆಖೆ.

ಸುಮ್ನೆ ತಮಾಷೆಗೆ ಹೇಳ್ತಿಲ್ಲ. ಜುಲೈ, ಆಗಸ್ಟ್‌ನಲ್ಲಿ ಡಲ್ಲಾಸ್ ಹೇಗಿರುತ್ತೆ ಅಂತ ನಿನಗೆ ಗೊತ್ತು. ಚಡ್ಡಿ, ಟೀ ಶರ್ಟು, ಚಪ್ಪಲಿ. ಸೊಂಟಕ್ಕೆ ದೊಡ್ಡ ಪಿಸ್ತೂಲು ಸಿಕ್ಕಿಸಿ ಅದರ ಮೇಲೆ ಅಂಗಿ ಇಳಿಬಿಟ್ಟರೂ ಬಗ್ಗಿದಾಗ ಉಬ್ಬು ಕಾಣುತ್ತದೆ, ಕೂತಾಗ ಹೊಟ್ಟೆಗೆ ಚುಚ್ಚುತ್ತದೆ, ಬೆವರು ಬೇರೆ. ಗ್ಲಾಕ್ 19 ಖಾಲಿ ಇದ್ದಾಗಲೇ ಸುಮಾರು 670 ಗ್ರಾಂ. ಎಲ್‌ಸಿಪಿ ಸುಮಾರು 270. ಕೆಲ್‌-ಟೆಕ್ ಪಿ-32 ಇನ್ನೂರೂ ಇಲ್ಲ.

ಲೈಸೆನ್ಸ್ ತಗೊಂಡ ಹೊಸದರಲ್ಲಿ ಎಲ್ಲರೂ ದೊಡ್ಡದನ್ನೇ ತಗೊಳ್ತಾರೆ. ನಾನೂ ಹಾಗೇ. ಮೊದಲು ದಿನಾ ಕಟ್ಟಿಕೊಳ್ಳೋದು, ಆಮೇಲೆ ದೂರ ಹೋಗುವಾಗ ಮಾತ್ರ, ಆಮೇಲೆ ಅದು ಸೇಫ್‌ನಲ್ಲೇ ಉಳಿಯುತ್ತದೆ. ಆಗ ಚಿಕ್ಕದು ಬರುತ್ತದೆ. ಹಾಲು ತರೋಕೆ ಹೋದರೂ ಜೇಬಿನಲ್ಲಿರುತ್ತದೆ. ಮನೆಯಲ್ಲಿರೋ ದೊಡ್ಡದಕ್ಕಿಂತ ಜೇಬಿನಲ್ಲಿರೋ ಸಣ್ಣದೇ ವಾಸಿ ಅಂತ ಇಲ್ಲಿನ ಜನ ಹೇಳ್ತಾರೆ. ಅದನ್ನು ನೂರು ಸಲ ಕೇಳಿ ಬೇಜಾರಾಗಿದೆ, ಆದರೂ ಮಾತು ಸುಳ್ಳಲ್ಲ.

ಒಂದು ಮಾತ್ರ ನೆನಪಿರಲಿ. ಜೇಬಿಗೆ ಸುಮ್ನೆ ಹಾಕಿಕೊಳ್ಳೋ ಹಾಗಿಲ್ಲ. ಅದಕ್ಕೆ ಅಂತಲೇ ಹೋಲ್ಸ್ಟರ್ ಅನ್ನೋ ಒಂದು ಚೀಲ ಬರುತ್ತದೆ, ಹೊರಮೈ ಒರಟು, ಜೇಬಿನ ಬಟ್ಟೆಗೆ ಕಚ್ಚಿಕೊಳ್ಳುತ್ತದೆ. ಅದು ಟ್ರಿಗರನ್ನು ಪೂರ್ತಿ ಮುಚ್ಚಬೇಕು. ಆ ಜೇಬಿನಲ್ಲಿ ಬೇರೇನೂ ಇರಬಾರದು. ಕೀ ಇಲ್ಲ, ಚಿಲ್ಲರೆ ಇಲ್ಲ, ಚೂಯಿಂಗ್ ಗಮ್ ಕೂಡ ಇಲ್ಲ. ಇನ್ನೊಂದು, ಧೂಳು. ಜೇಬಿನ ಹತ್ತಿಯ ಎಳೆ, ಧೂಳು ಎಲ್ಲಾ ಸೇರಿ ನಳಿಗೆಯ ಬಾಯಲ್ಲಿ ಬೂದು ಬಣ್ಣದ ಉಂಡೆ ಕಟ್ಟುತ್ತದೆ. ಹಳೇ ಟೂತ್‌ಬ್ರಷ್ ಇಟ್ಟುಕೊಂಡು ಆಗಾಗ ಉಜ್ಜದಿದ್ದರೆ ಬೇಕಾದಾಗ ಕೆಲಸ ಮಾಡುತ್ತೆ ಅನ್ನೋ ಭರವಸೆ ಇಲ್ಲ. ಎಷ್ಟು ಜನ ಉಜ್ಜುತ್ತಾರೆ ಅಂತ ಕೇಳಬೇಡ.

ಎಡಿಸನ್ ಈರಣ್ಣ

ಪೆಪ್ಪರ್ ಸ್ಪ್ರೇ ಸಾಕು ಮಾರಾಯ್ರೆ. ಯಾಕೆ ಇಷ್ಟೆಲ್ಲಾ ಪಾಡು?

ಹಳೇಪುಸ್ತಕ

ಚಿಕ್ಕ ಪಿಸ್ತೂಲಿನ ಹುಚ್ಚು ಹೊಸದೇನಲ್ಲ. ಸ್ವಲ್ಪ ಉದ್ದ ಆಗುತ್ತೆ, ಓದೋ ತಾಳ್ಮೆ ಇದ್ದರೆ ಓದಿ.

ಫಿಲಡೆಲ್ಫಿಯಾದ ಹೆನ್ರಿ ಡೆರಿಂಜರ್ ಅನ್ನೋ ಬಂದೂಕು ಕಮ್ಮಾರ 19ನೇ ಶತಮಾನದಲ್ಲಿ ಜೇಬಿಗೆ ಹಿಡಿಯೋ ಒಂಟಿ ಗುಂಡಿನ ಪಿಸ್ತೂಲು ಮಾಡುತ್ತಿದ್ದ. 1865ರ ಏಪ್ರಿಲ್ 14ರ ರಾತ್ರಿ ಫೋರ್ಡ್ಸ್ ಥಿಯೇಟರಿನಲ್ಲಿ ಜಾನ್ ವಿಲ್ಕ್ಸ್ ಬೂತ್ ಲಿಂಕನ್‌ಗೆ ಹೊಡೆದದ್ದು ಅಂಥದ್ದರಲ್ಲೇ. ಒಂದೇ ಗುಂಡು. ಆಮೇಲೆ ಅವನ ಕೈಯಲ್ಲಿ ಉಳಿದದ್ದು ಚಾಕು. ಮರುವರ್ಷವೇ ರೆಮಿಂಗ್ಟನ್ ಕಂಪನಿ ಎರಡು ನಳಿಗೆಯ ಪುಟ್ಟ ಪಿಸ್ತೂಲು ತಂದಿತು, ಅದನ್ನು 1935ರವರೆಗೆ ಮಾಡುತ್ತಲೇ ಇತ್ತು. ಜೂಜುಕೋರರು, ವ್ಯಾಪಾರಿಗಳು, ರೈಲಿನಲ್ಲಿ ಓಡಾಡೋರು, ಹೆಂಗಸರು, ಎಲ್ಲರೂ ಗಿರಾಕಿಗಳೇ. 1908ರಲ್ಲಿ ಕೋಲ್ಟ್ ಕಂಪನಿ ಜಾನ್ ಬ್ರೌನಿಂಗ್ ವಿನ್ಯಾಸದ .25 ಕ್ಯಾಲಿಬರ್ (ಗುಂಡಿನ ದಪ್ಪ, ಇಂಚಿನ ಲೆಕ್ಕದಲ್ಲಿ) ಪಿಸ್ತೂಲು ತಂದಿತು. ಕೋಟಿನ ಒಳಗೆ ಹಾಕೋ ವೇಸ್ಟ್‌ಕೋಟ್ ಜೇಬಿಗೆ ಅಂತಲೇ ಮಾಡಿದ್ದು. ಸುಮಾರು 40 ವರ್ಷದಲ್ಲಿ 4 ಲಕ್ಷಕ್ಕೂ ಹೆಚ್ಚು ಮಾಡಿದರು. ಅಂದರೆ ಆಗಲೂ ಊರ ಮಧ್ಯೆ ಬದುಕೋ ಜನಕ್ಕೆ ಬೇಕಾಗಿದ್ದು ಕಣ್ಣಿಗೆ ಬೀಳದ್ದು.

ಈಗ ನೋಡ್ತಿರೋ ಅಲೆಗೆ ಕಾರಣ ಮಾತ್ರ ಬೇರೆ, ಅದು ಕಾನೂನು. ಮೂರು ಕಡೆಯಿಂದ ತಳ್ಳಿತು.

1968ರ ಗನ್ ಕಂಟ್ರೋಲ್ ಆ್ಯಕ್ಟ್ ಬಂದ ಮೇಲೆ ಆಮದಾಗೋ ಪಿಸ್ತೂಲಿಗೆ ಅಳತೆ, ತೂಕ ಎಲ್ಲಾ ನೋಡಿ ಅಂಕ ಕೊಡೋ ಪದ್ಧತಿ ಬಂತು. ತೀರಾ ಚಿಕ್ಕದಾದರೆ ಫೇಲ್. ಯುರೋಪಿನ ಪುಟ್ಟ ಬ್ರೌನಿಂಗ್ ಬರೋದು ನಿಂತಿತು. ವಾಲ್ಟರ್ ಪಿಪಿಕೆ ಕೂಡ ಫೇಲ್ ಆಯಿತು, ಅದಕ್ಕೇ ಸ್ವಲ್ಪ ಎತ್ತರದ ಚೌಕಟ್ಟು ಹಾಕಿ ಪಿಪಿಕೆ/ಎಸ್ ಅಂತ ಹೊಸದು ಮಾಡಿ ಕಳಿಸಿದರು. ಆದರೆ ಈ ಕಟ್ಟಳೆ ಆಮದಿಗೆ ಮಾತ್ರ! ಅಮೆರಿಕದೊಳಗೆ ಮಾಡಿದರೆ ಯಾರೂ ಕೇಳುವಂತಿರಲಿಲ್ಲ. ಸರಿ, ಲಾಸ್ ಏಂಜಲೀಸ್ ಸುತ್ತ ಕಾರ್ಖಾನೆಗಳು ಎದ್ದವು. ರೇವನ್ ಅನ್ನೋ ಕಂಪನಿ ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದು ಅಗ್ಗದ .25 ಪಿಸ್ತೂಲುಗಳನ್ನು ರಾಶಿ ರಾಶಿ ಮಾರಿತು. ಜೇಬಿನ ಪಿಸ್ತೂಲಿಗೆ ಕೆಟ್ಟ ಹೆಸರು ಅಂಟಿಕೊಂಡದ್ದು ಆ ಕಾಲದಲ್ಲಿ. ಆದರೆ ಕೊಂಡವರೆಲ್ಲಾ ಕಳ್ಳರಲ್ಲ. ಬಡ ಬಡಾವಣೆಯಲ್ಲಿ ಅಂಗಡಿ ಇಟ್ಟವನ ಕೈಗೆಟುಕುತ್ತಿದ್ದದ್ದೂ ಅದೊಂದೇ.

ಎರಡನೆಯದು ಕ್ಯಾರಿ ಕಾನೂನು, ಅಂದರೆ ಬಂದೂಕನ್ನು ಮೈಮೇಲಿಟ್ಟುಕೊಂಡು ಓಡಾಡೋ ಕಾನೂನು. 1987ರಲ್ಲಿ ಫ್ಲೋರಿಡಾ, ಅರ್ಹತೆ ಇದ್ದವರಿಗೆಲ್ಲಾ ಲೈಸೆನ್ಸ್ ಕೊಡಲೇಬೇಕು ಅಂತ ಮಾಡಿತು. ಟೆಕ್ಸಾಸ್‌ನಲ್ಲಿ 1991ರ ಅಕ್ಟೋಬರ್ 16ರಂದು ಕಿಲೀನ್ ಊರಿನ ಲೂಬೀಸ್ ಕೆಫೆಟೀರಿಯಾದಲ್ಲಿ ಒಬ್ಬ ನುಗ್ಗಿ 23 ಜನರನ್ನು ಕೊಂದ. ಸುಝಾನಾ ಹಪ್ ಅನ್ನೋ ಹೆಣ್ಣುಮಗಳು ಅಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡಳು. ಅವಳ ರಿವಾಲ್ವರ್ ಹೊರಗೆ ಕಾರಿನಲ್ಲಿತ್ತು. ಬಚ್ಚಿಟ್ಟುಕೊಂಡು ಒಳಗೆ ತರೋದು ಆಗ ಅಪರಾಧ. ಅವಳು ಊರೂರಿಗೆ ಹೋಗಿ ಸಾಕ್ಷಿ ಹೇಳಿದಳು, 1995ರಲ್ಲಿ ಟೆಕ್ಸಾಸ್ ಕಾನೂನು ಮಾಡಿತು, ಮರುವರ್ಷ ಅವಳೇ ಶಾಸಕಿಯಾದಳು. ನೀವು ಈ ಕಡೆ ಇರಿ, ಆ ಕಡೆ ಇರಿ, ಜೇಬಿನ ಪಿಸ್ತೂಲಿನ ಮಾರುಕಟ್ಟೆ ಬೆಳೆದದ್ದರಲ್ಲಿ ಆ ಘಟನೆಗೂ ಒಂದು ಪಾಲಿದೆ.

ಮೂರನೆಯದು ತಮಾಷೆ. 1994ರಿಂದ 2004ರವರೆಗೆ ಹೊಸ ಮ್ಯಾಗಜಿನ್‌ಗಳಿಗೆ (ಪಿಸ್ತೂಲಿನೊಳಗೆ ಗುಂಡು ತುಂಬೋ ಡಬ್ಬಿ) 10 ಗುಂಡಿನ ಮಿತಿ ಇತ್ತು. ಹೇಗೂ ಹತ್ತೇ ಗುಂಡು ಅಂದಮೇಲೆ ದೊಡ್ಡ ಪಿಸ್ತೂಲು ಯಾಕೆ ಹೊರಬೇಕು ಅಂತ ಕಂಪನಿಗಳು ಚಿಕ್ಕದು ಮಾಡೋಕೆ ಇಳಿದವು. ಬಂದೂಕು ಕಡಿಮೆ ಆಗಲಿ ಅಂತ ತಂದ ಕಾನೂನು, ಚಿಕ್ಕ ಬಂದೂಕಿಗೆ ದಾರಿ ಮಾಡಿಕೊಟ್ಟಿತು.

ಸಾಗರದ ಸುಬ್ಬು

ಸಾರ್, ಇದು ಒಳ್ಳೇ ಮಾಹಿತಿ. ಆದರೆ ಕಾನೂನು ಬಾಗಿಲು ತೆಗೆಯಿತು ಅಂದರೆ ಜನ ಒಳಗೆ ಹೋಗಲೇಬೇಕು ಅಂತ ಇಲ್ಲವಲ್ಲ? ಪ್ಯೂ ರಿಸರ್ಚ್‌ನವರು 2023ರಲ್ಲಿ ಕೇಳಿದಾಗ ಬಂದೂಕು ಇರೋರಲ್ಲಿ 72% ಜನ ರಕ್ಷಣೆಯೇ ಮುಖ್ಯ ಕಾರಣ ಅಂದಿದ್ದರು. ಬೇಟೆ ಅಂದವರು 32%. ರಕ್ಷಣೆಗೇ ಅಂತಾದರೆ ಕೈಯಲ್ಲಿ ಗಟ್ಟಿಯಾಗಿ ನಿಲ್ಲದ್ದನ್ನು ಯಾಕೆ ತಗೊಳ್ತಾರೆ ಅನ್ನೋದು ನನಗಿನ್ನೂ ಅರ್ಥ ಆಗ್ತಿಲ್ಲ.

ಹೇಮಕ್ಕ, ಹೂಸ್ಟನ್

ಸುಬ್ಬು, ಹೆಂಗಸರ ಕಡೆಯಿಂದ ನಾನು ಹೇಳ್ತೀನಿ. ನಾನು ನರ್ಸ್, ರಾತ್ರಿ ಪಾಳಿ. ಪಾರ್ಕಿಂಗ್ ಕಟ್ಟಡದ ಕೊನೇ ಮಹಡಿಯಲ್ಲಿ ಕಾರು. ಹೆದರಿಕೆ ಆಗೋದು ಸಹಜ ಅಲ್ವಾ? ಯಜಮಾನರು ಒಂದು ತಗೋ ಅಂದರು.

ಅಂಗಡಿಗೆ ಹೋದರೆ ಕೇಳೋಕೆ ಮುಂಚೆಯೇ ಅತಿ ಚಿಕ್ಕದನ್ನು ತೆಗೆದು ಮುಂದಿಟ್ಟರು. ಗುಲಾಬಿ ಬಣ್ಣದ್ದು! ಹೆಣ್ಣು ಕೈ ಚಿಕ್ಕದು, ಆದ್ದರಿಂದ ಚಿಕ್ಕ ಪಿಸ್ತೂಲು, ಇಷ್ಟೇ ಅವರ ತರ್ಕ. ನಿಜ ಏನಂದರೆ ಪಿಸ್ತೂಲು ಚಿಕ್ಕದಾದಷ್ಟೂ ಹಿಡಿತ ಕಷ್ಟ. ತೂಕ ಕಡಿಮೆ, ಹಾಗಾಗಿ ಜಾಸ್ತಿ ಒದೆಯುತ್ತದೆ. ಸ್ಲೈಡ್ (ಮೇಲೆ ಹಿಂದೆ ಮುಂದೆ ಜಾರೋ ಭಾಗ) ಹಗುರ, ಅದನ್ನು ಹಿಡಿದಿಡೋಕೆ ಸ್ಪ್ರಿಂಗ್ ಬಿಗಿ ಇಡ್ತಾರೆ. ಎಳೆಯೋಕೆ ಹೋದರೆ ಬೆರಳು ಜಾರುತ್ತದೆ, ಹಿಡಿಯೋಕೆ ಜಾಗವೂ ಇಲ್ಲ. ತರಬೇತಿ ಕೊಡೋ ಹೆಣ್ಣುಮಗಳು ಗುಂಡು ಹೊಡೆಯೋ ರೇಂಜಿನಲ್ಲಿ ಅಂಥದ್ದನ್ನು ಕೈಗೆ ಕೊಟ್ಟು ಹೊಡೆಸಿದಳು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಚರ್ಮ ಕೆಂಪಾಗಿ ಉರಿಯಿತು. ಎರಡನೇ ಮ್ಯಾಗಜಿನ್ ಹೊತ್ತಿಗೆ ಗುಂಡು ಹಾರೋ ಮೊದಲೇ ಕಣ್ಣು ಮುಚ್ಚೋಕೆ ಶುರು. ಆಮೇಲೆ ಅವಳೇ ದೊಡ್ಡದನ್ನು ಕೊಟ್ಟಳು. ಅದೇ ಕೈ, ಅದೇ ದೂರ, ಗುಂಡುಗಳೆಲ್ಲಾ ಕಾಗದದ ಮಧ್ಯಕ್ಕೇ ಬಿದ್ದವು. "ಚಿಕ್ಕದು ಪಳಗಿದವರಿಗೆ, ಹೊಸಬರಿಗೆ ಅಲ್ಲ" ಅಂದಳು. ಅಂಗಡಿಯವರು ಮಾಡೋದು ಇದರ ತದ್ವಿರುದ್ಧ.

ಬೆರಳಲ್ಲಿ ಬಲ ಇಲ್ಲದವರಿಗೆ ಬೇರೆ ದಾರಿಯೂ ಇದೆ ಅನ್ನಿ. ಬೆರೆಟಾದ ಪುಟ್ಟ ಪಿಸ್ತೂಲಿನಲ್ಲಿ ನಳಿಗೆಯೇ ಮೇಲೆ ಏಳುತ್ತದೆ, ಸ್ಲೈಡ್ ಎಳೆಯೋ ಗೋಜಿಲ್ಲ. 2018ರಲ್ಲಿ ಸ್ಮಿತ್ ಆ್ಯಂಡ್ ವೆಸನ್ ಸ್ಲೈಡ್ ಸಲೀಸಾಗಿ ಬರೋ .380 ಒಂದನ್ನು ತಂದಿತು, ಅದು ಜೇಬಿಗೆ ಸ್ವಲ್ಪ ದೊಡ್ಡದು. ಜೇಬು ಅಂದೆನಲ್ಲ, ನಮ್ಮ ಬಟ್ಟೆಗೆ ಜೇಬೆಲ್ಲಿದೆ? ಚೂಡಿದಾರಕ್ಕೆ ಇಲ್ಲ, ಸೀರೆಗೆ ಇಲ್ಲ, ಇಲ್ಲಿನ ಹೆಂಗಸರ ಪ್ಯಾಂಟಿನ ಜೇಬಿಗೆ ಫೋನೇ ಹಿಡಿಯಲ್ಲ. ಕೊನೆಗೆ ಎಲ್ಲರೂ ಹಾಕಿಕೊಳ್ಳೋದು ಹ್ಯಾಂಡ್‌ಬ್ಯಾಗಿಗೆ.

ಅಲ್ಲಿಗೆ ನಾನು ನಿಲ್ಲಿಸಿದೆ. 2014ರ ಡಿಸೆಂಬರಿನಲ್ಲಿ ಐಡಾಹೋದ ಹೇಡನ್ ಊರಿನ ವಾಲ್‌ಮಾರ್ಟಿನಲ್ಲಿ ಎರಡು ವರ್ಷದ ಮಗು ಅಮ್ಮನ ಬ್ಯಾಗಿಗೆ ಕೈ ಹಾಕಿತು. ಬ್ಯಾಗಿನಲ್ಲಿ ಪಿಸ್ತೂಲಿಗೇ ಅಂತ ಮಾಡಿದ ಜಿಪ್ ಇತ್ತು. ಚಿಕ್ಕ 9 ಎಂಎಂ. ಒಂದೇ ಗುಂಡು, ತಾಯಿ ಅಲ್ಲೇ ಹೋದಳು. ಅವಳು ಓದಿದವಳು, ಬಂದೂಕಿನ ಜೊತೆಗೇ ಬೆಳೆದವಳು. ನಮ್ಮ ಮನೆಯಲ್ಲೂ ಮೊಮ್ಮಗ ಬಂದರೆ ಮೊದಲು ಕೈ ಹಾಕೋದು ನನ್ನ ಬ್ಯಾಗಿಗೇ, ಚಾಕಲೇಟ್ ಹುಡುಕೋಕೆ.

ಪ್ಲೇನೋ ರಾಮಣ್ಣ

ಹೇಮಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಬ್ಯಾಗಿಗೆ ಹಾಕೋದು ತಪ್ಪು ಅಂತ ನಮ್ಮ ತರಬೇತಿಯಲ್ಲೂ ಒತ್ತಿ ಒತ್ತಿ ಹೇಳಿದ್ದರು. ಮೈಮೇಲೆ ಇರಬೇಕು, ಇಲ್ಲವೇ ಬೀಗದೊಳಗೆ. ನಡುವಿನ ಜಾಗ ಯಾವುದೂ ಇಲ್ಲ.

ಸುಬ್ಬು ಕೇಳಿದ್ದಕ್ಕೆ ಇನ್ನೊಂದು ಮಾತು. ಎಲ್ಲರಿಗೂ ಇದೇ ಒಂದೇ ಬಂದೂಕು ಅಲ್ಲ. ಪೊಲೀಸರು ಸೊಂಟದ ದೊಡ್ಡದು ಕೈಕೊಟ್ಟರೆ ಇರಲಿ ಅಂತ ಕಣಕಾಲಿಗೆ ಇನ್ನೊಂದು ಚಿಕ್ಕದನ್ನು ಕಟ್ಟಿಕೊಳ್ಳೋದು ಹಳೇ ರೂಢಿ. ಸ್ಮಿತ್ ಆ್ಯಂಡ್ ವೆಸನ್ನಿನ ಐದು ಗುಂಡಿನ ಜೆ-ಫ್ರೇಮ್ ರಿವಾಲ್ವರ್ 1950ರಿಂದ ಇದೆ, ಇವತ್ತಿಗೂ ಮಾರಾಟ ಆಗುತ್ತೆ. ಹ್ಯಾಮರ್ (ಹಿಂದಿನ ಸುತ್ತಿಗೆ) ಒಳಗೇ ಅಡಗಿರೋ ಮಾದರಿಯೂ ಇದೆ, ಜೇಬಿನಿಂದ ಎಳೆಯುವಾಗ ಬಟ್ಟೆಗೆ ಸಿಕ್ಕಿಕೊಳ್ಳಲ್ಲ. 2008ರಲ್ಲಿ ಎಲ್‌ಸಿಪಿ ಬಂದಾಗ ರಿವಾಲ್ವರಿನ ಗಿರಾಕಿಗಳು ಇತ್ತ ತಿರುಗಿದರು, ಯಾಕಂದರೆ ಚಪ್ಪಟೆ. ಹೊರಗಿಂದ ನೋಡಿದರೆ ಪರ್ಸ್ ಇದ್ದ ಹಾಗೆ ಅನ್ನಿಸುತ್ತೆ, ಅಷ್ಟೇ. ಅದೇ ವರ್ಷ ಮೊದಮೊದಲು ಮಾಡಿದವನ್ನು, ಕೆಳಗೆ ಬಿದ್ದರೆ ಗುಂಡು ಹಾರಬಹುದು ಅಂತ ಕಂಪನಿ ವಾಪಸ್ ತರಿಸಿಕೊಂಡು ಸರಿಮಾಡಿಕೊಟ್ಟಿತು. ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಸೀರಿಯಲ್ ನಂಬರ್ ನೋಡಿಕೊಳ್ಳಿ.

ಮಡಿಕೇರಿ ಹುಡುಗ

ಇದೆಲ್ಲಾ ಓದಿದರೆ ನನಗೆ ವಿಚಿತ್ರ ಅನ್ನಿಸುತ್ತೆ. ನಮ್ಮ ಮನೆಯಲ್ಲಿ ಕೋವಿ ಇದೆ. ಕೊಡವರಿಗೆ, ಜಮ್ಮಾ ಭೂಮಿ (ಕೊಡಗಿನ ವಂಶಪಾರಂಪರ್ಯದ ಜಮೀನು) ಇರೋರಿಗೆ ಬ್ರಿಟಿಷರ ಕಾಲದಿಂದ ಲೈಸೆನ್ಸ್ ವಿನಾಯಿತಿ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆ ಆದೇಶದಲ್ಲಿ ಪಿಸ್ತೂಲು, ರಿವಾಲ್ವರೂ ಸೇರಿವೆ. ಆದರೂ ಜೇಬಲ್ಲಿ ಪಿಸ್ತೂಲು ಇಟ್ಟುಕೊಂಡು ಓಡಾಡೋರನ್ನು ನಮ್ಮ ಕಡೆ ನಾನು ಕಂಡಿಲ್ಲ.

ಕೈಲ್‌ಪೋಳ್ದ್ (ನಮ್ಮ ಆಯುಧ ಪೂಜೆ ಹಬ್ಬ) ದಿನ ಕೋವಿ ಒರೆಸಿ, ನಳಿಗೆ ಬಾಯಿಗೆ ತೋಕ್‌ಪೂ ಅನ್ನೋ ಹೂವು ಸಿಕ್ಕಿಸಿ, ಕನ್ನಿಕೋಂಬರೆಯಲ್ಲಿ, ಅಂದರೆ ದೇವರ ಕೋಣೆಯಲ್ಲಿ ಇಟ್ಟು ಪೂಜೆ. ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯೋ ಪಂದ್ಯ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಊರಿಗೆಲ್ಲಾ ಕೇಳಬೇಕು, ಅದಕ್ಕೇ ಹೊಡೆಯೋದು. ಕೋವಿ ಅಂದರೆ ನಾಲ್ಕು ಜನ ನೋಡೋದು. ಅಲ್ಲಿ ಅದನ್ನು ಯಾರಿಗೂ ಕಾಣಬಾರದು ಅಂತ ಕೊಂಡುಕೊಳ್ತಾರೆ. ಎರಡಕ್ಕೂ ಸಂಬಂಧವೇ ಇಲ್ಲ ಅನ್ನಿಸುತ್ತೆ.

ಹಳೇಪುಸ್ತಕ

ಮಡಿಕೇರಿಯವರೇ, ಚೆನ್ನಾಗಿ ಹೇಳಿದಿರಿ. ಅಮೆರಿಕದ ಹಳ್ಳಿಗಳಲ್ಲೂ ಬೇಟೆ ಬಂದೂಕು ಹಾಗೇ, ಅಗ್ಗಿಷ್ಟಿಕೆ ಮೇಲೆ ನೇತಾಡುತ್ತಿರುತ್ತೆ. ಜೇಬಿನದ್ದು ಪೇಟೆಯ ಕೂಸು. ಗುರುತಿಲ್ಲದ ಜನರ ನಡುವೆ ಓಡಾಡೋರಿಗೆ ಹುಟ್ಟಿದ್ದು.

ಎಚ್‌1ಬಿ ಹೈದ

ಅಣ್ಣಂದಿರೇ, ನಾನು ಆಸ್ಟಿನ್‌ನಲ್ಲಿದ್ದೀನಿ. 2021ರ ಸೆಪ್ಟೆಂಬರಿನಿಂದ ಟೆಕ್ಸಾಸ್‌ನಲ್ಲಿ ಪರ್ಮಿಟ್ಟೇ ಬೇಡ ಅಂತಾರಲ್ಲ. ನಾನೂ ಒಂದು ಎಲ್‌ಸಿಪಿ ತಗೊಂಡು ಬಿಡಲಾ? ರೂಮ್‌ಮೇಟ್ ಹತ್ತಿರ ಇದೆ, ಕೊಡ್ತೀನಿ ಅಂತಿದ್ದಾನೆ.

ಪ್ಲೇನೋ ರಾಮಣ್ಣ

ತಮ್ಮಾ, ಬೇಡ. ಬೇಡವೇ ಬೇಡ. ಟೆಕ್ಸಾಸ್ ಏನಾದರೂ ಹೇಳಲಿ, ಫೆಡರಲ್ ಕಾನೂನು ಬೇರೆ. ಎಚ್‌-1ಬಿ, ಎಫ್‌-1, ಬಿ-2, ಇವೆಲ್ಲಾ ನಾನ್‌-ಇಮಿಗ್ರೆಂಟ್ ವೀಸಾ, ಅಂದರೆ ತಾತ್ಕಾಲಿಕವಾಗಿ ಇರೋಕೆ ಕೊಟ್ಟದ್ದು. ಇವುಗಳ ಮೇಲೆ ಬಂದವರು ಬಂದೂಕನ್ನಾಗಲಿ ತೋಟಾವನ್ನಾಗಲಿ ತಮ್ಮ ಬಳಿ ಇಟ್ಟುಕೊಳ್ಳೋ ಹಾಗಿಲ್ಲ. ಕಾಯ್ದೆಯ ಕಲಂ 922(ಜಿ)(5). ಬೇಟೆ ಲೈಸೆನ್ಸ್ ಇದ್ದವರಿಗೆ ಒಂದು ವಿನಾಯಿತಿ ಇದೆ, ಆದರೆ ಅದನ್ನು ನಂಬಿಕೊಂಡು ಹೊರಡೋ ಮೊದಲು ವಕೀಲರನ್ನು ಕಾಣು, ಫೇಸ್‌ಬುಕ್ಕಿನವರನ್ನಲ್ಲ. ಬಂದೂಕಿನ ಅಪರಾಧ ಸಾಬೀತಾದರೆ ಗಡೀಪಾರಿಗೆ ಅದೇ ಕಾರಣ ಆಗುತ್ತೆ. ಗ್ರೀನ್ ಕಾರ್ಡ್ ಬಂದವರು ತಗೋಬಹುದು, ಅಂಗಡಿಯಲ್ಲಿ 4473 ಫಾರಂ ತುಂಬಿಸಿ ಹಿನ್ನೆಲೆ ತಪಾಸಣೆ ಮಾಡಿಯೇ ಕೊಡ್ತಾರೆ.

ನಿನ್ನ ರೂಮ್‌ಮೇಟ್‌ಗೂ ಹೇಳು. ನಿನ್ನ ವೀಸಾ ಗೊತ್ತಿದ್ದೂ ಕೊಟ್ಟರೆ ಅವನ ಮೇಲೂ ಕೇಸು.

ಎಚ್‌1ಬಿ ಹೈದ

ಅಯ್ಯೋ, ಇದು ಗೊತ್ತೇ ಇರಲಿಲ್ಲ. ಬಿಟ್ಟೆ ಅಣ್ಣ.

ಎಡಿಸನ್ ಈರಣ್ಣ

ನಮ್ಮ ನ್ಯೂಜೆರ್ಸಿಯಲ್ಲಿ 2022ರ ಜೂನ್‌ವರೆಗೆ ಮಾಮೂಲಿ ಮನುಷ್ಯನಿಗೆ ಕ್ಯಾರಿ ಪರ್ಮಿಟ್ ಸಿಗೋದು ಕನಸಿನ ಮಾತಾಗಿತ್ತು. ಸುಪ್ರೀಂ ಕೋರ್ಟಿನ ಬ್ರೂಯೆನ್ ತೀರ್ಪು ಬಂದಮೇಲೆ ಕೊಡ್ತಿದ್ದಾರೆ. ನಮ್ಮ ರಸ್ತೆಯ ಗ್ಯಾಸ್ ಸ್ಟೇಷನ್ ಮಾಲೀಕರು, ನಮ್ಮ ದೇಶದವರೇ, ತಗೊಂಡರು. ರಾತ್ರಿ ಕ್ಯಾಶ್ ಎಣಿಸೋ ಹೊತ್ತಿಗೆ ಇರಲಿ ಅಂತ. ಅವರಿಗೆ ಪೆಪ್ಪರ್ ಸ್ಪ್ರೇ ಸಾಕು ಅಂತ ಹೇಳೋಕೆ ನನಗೂ ಬಾಯಿ ಬರಲಿಲ್ಲ.

ಧಾರವಾಡ ಫೇಡಾ

ನಮಸ್ಕಾರ್ರಿ. ನಾನು ಇಲ್ಲೇ ಧಾರವಾಡದಾಗ ವಕೀಲ. ಭಾರತದ ಲೆಕ್ಕ ಹೇಳ್ತೀನಿ ನೋಡ್ರಿ, ಸಣ್ಣ ಪಿಸ್ತೂಲಿನ ಆಸೆ ಇಲ್ಲೂ ಐತಿ, ರೊಕ್ಕ ಮತ್ತ ಕಾಗದ ಬಿಡಂಗಿಲ್ಲ ಅಷ್ಟ.

1959ರ ಆಯುಧ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕೇ ಬೇಕು. 2019ರ ತಿದ್ದುಪಡಿ ಆದಮೇಲೆ ಒಬ್ಬರಿಗೆ ಎರಡೇ ಬಂದೂಕು, ಮೊದಲು ಮೂರಿತ್ತು. ಲೈಸೆನ್ಸ್ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು. 9 ಎಂಎಂ ಸಾಮಾನ್ಯ ಜನರಿಗೆ ನಿಷಿದ್ಧ. ಹಾಗಾಗಿ ನಮ್ಮಲ್ಲಿ ಕೈಬಂದೂಕು ಅಂದರೆ .32 ಅಥವಾ .22. ದೆಹಲಿಯ ನಿರ್ಭಯಾ ಪ್ರಕರಣ ಆದಮೇಲೆ ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ 'ನಿರ್ಭೀಕ್' ಅಂತ ಹೆಂಗಸರಿಗಾಗಿಯೇ .32 ರಿವಾಲ್ವರ್ ತಂದಿತು. ತೂಕ 500 ಗ್ರಾಂ, ಬೆಲೆ 1,22,360 ರೂಪಾಯಿ. ಯಾವ ಹೆಣ್ಣುಮಗಳು ಬಸ್ಸಿಗೆ ಕಾಯ್ತಾ ನಿಂತಿರ್ತಾಳೋ ಆಕೀ ಕೈಗೆ ಎಟುಕೋ ಬೆಲೆ ಏನ್ರಿ ಇದು? ಆಮೇಲೆ ಇಛಾಪುರದ ಕಾರ್ಖಾನೆ 'ನಿಡರ್' ಅಂತ .22 ರಿವಾಲ್ವರ್ ಮಾಡಿತು, 250 ಗ್ರಾಂ, ಬೆಲೆ ಸುಮಾರು 35 ಸಾವಿರ. ಬೆಲೆ ಇಳಿದರೂ ಲೈಸೆನ್ಸಿಗೆ ಅಲೆಯೋದು ಇಳಿಯಲಿಲ್ಲ. ಜೀವಕ್ಕೆ ಅಪಾಯ ಐತಿ ಅಂತ ಒಪ್ಪಿಸಬೇಕು, ಪೊಲೀಸ್ ವರದಿ ಬರಬೇಕು.

ಇನ್ನು ಚುನಾವಣೆ ಬಂತಂದ್ರ ಬಂದೂಕು ಠಾಣೆಗೆ ಒಪ್ಪಿಸ್ರಿ ಅಂತ ನೋಟಿಸು ಬರ್ತದ. ಮಲೆನಾಡಿನ ರೈತರು ಹಂದಿ, ಆನೆ ಕಾಟ ಅಂತ ಪ್ರತಿ ಸಲ ತಕರಾರು ಮಾಡ್ತಾರ.

ಸಾಗರದ ಸುಬ್ಬು

ನಮ್ಮ ಸಾಗರದ ಕಡೆಯೂ ಅದೇ ಗೋಳು, ಅಡಿಕೆ ತೋಟಕ್ಕೆ ಮಂಗ ಬಂದಾಗಲೇ ಕೋವಿ ಠಾಣೆಯಲ್ಲಿರುತ್ತೆ.

ಸರಿ, ಈಗ ಬೇರೆ ಪ್ರಶ್ನೆ. ಇಷ್ಟು ಚಿಕ್ಕ ಗುಂಡಿನಿಂದ ನಿಜಕ್ಕೂ ಉಪಯೋಗ ಆಗುತ್ತಾ? ಇಲ್ಲಾ ಮನಸ್ಸಿಗೆ ಧೈರ್ಯ ಅಷ್ಟೇನಾ?

ಪ್ಲೇನೋ ರಾಮಣ್ಣ

ಇದು ರೇಂಜಿನಲ್ಲಿ ದಿನಾ ನಡೆಯೋ ಜಗಳ. 1986ರಲ್ಲಿ ಮಯಾಮಿಯಲ್ಲಿ ಎಫ್‌ಬಿಐನವರಿಗೂ ಇಬ್ಬರು ದರೋಡೆಕೋರರಿಗೂ ಗುಂಡಿನ ಕಾಳಗ ಆಯಿತು, ಇಬ್ಬರು ಏಜೆಂಟರು ಸತ್ತರು. ಗುಂಡು ತಗುಲಿದರೂ ಒಬ್ಬ ದರೋಡೆಕೋರ ಹೊಡೆಯುತ್ತಲೇ ಇದ್ದ. ಅದಾದಮೇಲೆ ಎಫ್‌ಬಿಐ ಪರೀಕ್ಷೆಗೆ ಮೈಮಾಂಸದ ಬದಲು ಬಳಸೋ ಜೆಲ್ಲಿಯಲ್ಲಿ ಗುಂಡು ಕನಿಷ್ಠ 12 ಇಂಚು ಒಳಗೆ ಹೋಗಬೇಕು ಅಂತ ಅಳತೆ ಇಟ್ಟಿತು. ಜೇಬಿನ .380ಯಲ್ಲಿ ಬಿರಿಯೋ ಗುಂಡು ಹಾಕಿದರೆ ಎಷ್ಟೋ ಸಲ ಅಷ್ಟು ಹೋಗಲ್ಲ. .25, .22 ಬಗ್ಗೆ ಹೇಳೋದೇ ಬೇಡ. ನಳಿಗೆ ಗಿಡ್ಡ, ವೇಗ ಹುಟ್ಟೋಕೆ ಜಾಗ ಇಲ್ಲ.

2018ರಲ್ಲಿ ಸಿಗ್ ಪಿ365 ಬಂದಮೇಲೆ ಲೆಕ್ಕ ಸ್ವಲ್ಪ ಬದಲಾಯಿತು. ಸುಮಾರು ಅರ್ಧ ಕೆಜಿ, ಆದರೆ 9 ಎಂಎಂ, ಮ್ಯಾಗಜಿನ್‌ನಲ್ಲಿ ಹತ್ತು. ತುಂಬಾ ಜನ ಅತ್ತ ಹೋದರು. ಆದರೂ ಚಡ್ಡಿ ಜೇಬಿಗೆ ಹಾಕಿದರೆ ಅದು ಜಗ್ಗುತ್ತೆ. ನನ್ನ ಮಟ್ಟಿಗೆ ಎಲ್‌ಸಿಪಿಯೇ. ನಾನೇನೂ ಯುದ್ಧಕ್ಕೆ ಹೊರಟಿಲ್ಲ. ಹತ್ತಿರ ಬಂದವನಿಂದ ಬಿಡಿಸಿಕೊಂಡು ಓಡೋಕೆ ಒಂದು ಅವಕಾಶ, ಅಷ್ಟೇ ಸಾಕು.

ಹಳೇಪುಸ್ತಕ

ಉಪಯೋಗ ಎಷ್ಟು ಅನ್ನೋದರ ಅಂಕಿಯೇ ದೊಡ್ಡ ಜಗಳ. 1995ರಲ್ಲಿ ಕ್ಲೆಕ್, ಗೆರ್ಟ್ಜ್ ಅನ್ನೋ ಸಂಶೋಧಕರು ಫೋನ್ ಮಾಡಿ ಕೇಳಿ, ಜನ ವರ್ಷಕ್ಕೆ ಸುಮಾರು 25 ಲಕ್ಷ ಸಲ ಆತ್ಮರಕ್ಷಣೆಗೆ ಬಂದೂಕು ಬಳಸ್ತಾರೆ ಅಂದರು. ಸರ್ಕಾರದ ಅಪರಾಧ ಸಮೀಕ್ಷೆಯ ಲೆಕ್ಕ ಒಂದು ಲಕ್ಷದ ಆಸುಪಾಸು. ಇಪ್ಪತ್ತೈದು ಪಟ್ಟು ಅಂತರ! ಹಾಗಾಗಿ ಯಾರಾದರೂ ಒಂದೇ ಅಂಕಿ ಹಿಡಿದು ವಾದಿಸಿದರೆ ನಾನು ಎದ್ದು ಹೋಗ್ತೀನಿ.

ಹೇಮಕ್ಕ, ಹೂಸ್ಟನ್

ಇನ್ನೊಂದು ಅಂಕಿಯಲ್ಲಿ ಜಗಳ ಇಲ್ಲ ಸಾರ್. ಈ ದೇಶದಲ್ಲಿ ಬಂದೂಕಿನಿಂದ ಸಾಯೋರಲ್ಲಿ ಅರ್ಧಕ್ಕಿಂತ ಜಾಸ್ತಿ ಆತ್ಮಹತ್ಯೆ. ನಮ್ಮ ಎಮರ್ಜೆನ್ಸಿ ವಾರ್ಡಿಗೆ ಬರೋದನ್ನು ನೋಡ್ತೀನಿ. ಅಲ್ಲಿ 12 ಇಂಚಿನ ಲೆಕ್ಕ ಬರಲ್ಲ, .22 ಕೂಡ ಸಾಕು. ಮನೆಯಲ್ಲಿ ಯಾರಾದರೂ ಮಂಕಾಗಿದ್ದಾರೆ ಅನ್ನಿಸಿದರೆ ಪಿಸ್ತೂಲನ್ನು ಮನೆಯಿಂದ ಹೊರಗೆ ಕಳಿಸಿ. ರಾಮಣ್ಣ, ನಿಮಗಲ್ಲ, ಎಲ್ಲರಿಗೂ ಹೇಳಿದ್ದು.

ಪ್ಲೇನೋ ರಾಮಣ್ಣ

ಗೊತ್ತು ಹೇಮಕ್ಕ. ಹೇಳಬೇಕಾದ್ದೇ.

ಪೀಚ್ ಊರಿನ ಪ್ರಕಾಶ, ಅಟ್ಲಾಂಟಾ

ತಡವಾಗಿ ಬಂದೆ. ಹಗುರ, ಚಿಕ್ಕದು, ಇದ್ದದ್ದೇ ಗೊತ್ತಾಗಲ್ಲ ಅಂತ ಎಲ್ಲರೂ ಹೊಗಳ್ತಿದ್ದೀರಿ. ಇದ್ದದ್ದೇ ಗೊತ್ತಾಗದ ಪಿಸ್ತೂಲು ಎಲ್ಲಿಗೆ ಹೋಗುತ್ತೆ ಗೊತ್ತಾ? ನಮ್ಮ ಊರಿನ ಏರ್‌ಪೋರ್ಟಿಗೆ. 2023ರಲ್ಲಿ ಟಿಎಸ್‌ಎ (ಏರ್‌ಪೋರ್ಟ್ ಭದ್ರತೆಯ ಸರ್ಕಾರಿ ಸಂಸ್ಥೆ) ತಪಾಸಣೆಯಲ್ಲಿ ದೇಶಾದ್ಯಂತ 6,737 ಬಂದೂಕು ಸಿಕ್ಕವು. ಅದರಲ್ಲಿ 93% ಗುಂಡು ತುಂಬಿದವು. ಅತಿ ಹೆಚ್ಚು ಸಿಕ್ಕಿದ್ದು ನಮ್ಮ ಅಟ್ಲಾಂಟಾದಲ್ಲಿ, ಎರಡನೇ ಜಾಗ ನಿಮ್ಮ ಡಲ್ಲಾಸ್-ಫೋರ್ಟ್‌ವರ್ತ್. ಆಗ ದಂಡ ಸುಮಾರು 15,000 ಡಾಲರ್‌ವರೆಗೂ ಹಾಕಬಹುದಿತ್ತು. ಸಿಕ್ಕಿಬಿದ್ದವರು ಹೆಚ್ಚಾಗಿ ಹೇಳೋದು ಒಂದೇ ಮಾತು: "ಬ್ಯಾಗಿನಲ್ಲಿ ಇದ್ದದ್ದೇ ಮರೆತುಹೋಗಿತ್ತು."

ಎರಡು ಕಿಲೋ ತೂಕದ ಬಂದೂಕನ್ನು ಯಾರೂ ಮರೆಯಲ್ಲ.

ಸಾಗರದ ಸುಬ್ಬು

ಪ್ರಕಾಶಣ್ಣ, ನಾನು ಹುಡುಕ್ತಿದ್ದದ್ದು ಇದೇ ಅನ್ನಿಸುತ್ತೆ. ಅಂಗಡಿಯಲ್ಲಿ ಜನ ದುಡ್ಡು ಕೊಡೋದು ಹೊಡೆಯೋ ಸುಖಕ್ಕಲ್ಲ, ಹೊರೋ ಸುಖಕ್ಕೆ. ಹೊಡೆಯೋ ದಿನ ಬರಲ್ಲ ಅಂತ ಎಲ್ಲರ ಲೆಕ್ಕ, ಹೊರೋದು ಮಾತ್ರ ದಿನಾ. ಅದಕ್ಕೇ ರೇಂಜಿನಲ್ಲಿ ಕೈ ಉರಿಸೋದನ್ನೂ ಸಹಿಸಿಕೊಳ್ತಾರೆ, ಇಲ್ಲಾ ರೇಂಜಿಗೇ ಹೋಗಲ್ಲ. ನನ್ನ ಗೆಳೆಯನನ್ನು ಕೇಳಿದೆ, ಚಿಕ್ಕದರಲ್ಲಿ ಕೊನೇ ಸಲ ಹೊಡೆದದ್ದು ಯಾವಾಗ ಅಂತ. ನಕ್ಕ. ದೊಡ್ಡದರಲ್ಲಾದರೆ ಹೊಡೀತಾನಂತೆ, ಅದು ಮಜಾ ಕೊಡುತ್ತೆ ಅಂತ. ಅಂದರೆ ಅಭ್ಯಾಸ ಇರೋದು ಸೇಫ್‌ನಲ್ಲಿರೋದರ ಮೇಲೆ, ಓಡಾಡೋದು ಅಭ್ಯಾಸ ಇಲ್ಲದ್ದನ್ನು ಇಟ್ಟುಕೊಂಡು!

ಪ್ಲೇನೋ ರಾಮಣ್ಣ

ಅದು ನಿಜ. ವಾದ ಮಾಡಲ್ಲ. ತಿಂಗಳಿಗೊಮ್ಮೆಯಾದರೂ ಜೇಬಿನದ್ದರಲ್ಲೇ ಹೊಡೀರಿ ಅಂತ ನಮ್ಮ ತರಬೇತಿಯವರು ಬಡ್ಕೋತಾರೆ. .380 ತೋಟಾ 9 ಎಂಎಂಗಿಂತ ದುಬಾರಿ ಬೇರೆ, ಅದೂ ಒಂದು ನೆಪ.

ಹೇಮಕ್ಕ, ಹೂಸ್ಟನ್

ರಾಮಣ್ಣ, ನೀವಿದ್ದಾಗಲೇ ಒಂದು ಕೇಳಿಬಿಡ್ತೀನಿ. ನವೆಂಬರಿನಲ್ಲಿ ನಮ್ಮ ಸಂಘದ ರಾಜ್ಯೋತ್ಸವ. ಬಾಗಿಲಿಗೆ ಬಂದೂಕು ತರಬೇಡಿ ಅಂತ ಬೋರ್ಡು ಹಾಕಬೇಕು ಅಂತ ಕಮಿಟಿಯಲ್ಲಿ ಚರ್ಚೆ. ಯಾವ ಬೋರ್ಡು ಹಾಕಿದರೆ ಕಾನೂನಿಗೆ ಒಪ್ಪುತ್ತೆ?

ಪ್ಲೇನೋ ರಾಮಣ್ಣ

ಟೆಕ್ಸಾಸ್‌ನಲ್ಲಿ ಅದಕ್ಕೆ ಅಳೆದು ಬರೆದ ಪದಗಳೇ ಇವೆ. ಲೈಸೆನ್ಸ್ ಇದ್ದು ಬಚ್ಚಿಟ್ಟುಕೊಂಡು ಬರೋರಿಗೆ ಕಾನೂನಿನ ಕಲಂ 30.06ರ ಬೋರ್ಡು, ಕಾಣೋ ಹಾಗೆ ತರೋರಿಗೆ 30.07, ಲೈಸೆನ್ಸ್ ಇಲ್ಲದೆ ತರೋರಿಗೆ 30.05. ಇಂಗ್ಲಿಷು, ಸ್ಪ್ಯಾನಿಷ್ ಎರಡರಲ್ಲೂ ಇರಬೇಕು, 30.06, 30.07ಕ್ಕೆ ಅಕ್ಷರ ಒಂದು ಇಂಚು ಎತ್ತರ. ಸುಮ್ನೆ ಪಿಸ್ತೂಲಿನ ಚಿತ್ರಕ್ಕೆ ಅಡ್ಡಗೆರೆ ಹಾಕಿದರೆ ಲೈಸೆನ್ಸ್ ಇರೋರಿಗೆ ಅದು ಸಾಲಲ್ಲ. ದೇವಸ್ಥಾನಕ್ಕೂ 2019ರ ಕಾನೂನಿನ ಮೇಲೆ ಹೀಗೇ, ಬೋರ್ಡು ಹಾಕದಿದ್ದರೆ ತರಬಹುದು. ಅಂದಹಾಗೆ ಕಾರ್ಯಕ್ರಮ ಎಲ್ಲಿ?

ಹೇಮಕ್ಕ, ಹೂಸ್ಟನ್

ಹೈಸ್ಕೂಲ್ ಆಡಿಟೋರಿಯಂ.

ಪ್ಲೇನೋ ರಾಮಣ್ಣ

ಹಾಗಾದರೆ ಬೋರ್ಡಿನ ಖರ್ಚು ಉಳೀತು. ಶಾಲೆ ಕಟ್ಟಡದೊಳಗೆ ಹೇಗೂ ನಿಷೇಧ. ಆಹ್ವಾನ ಪತ್ರಿಕೆಯಲ್ಲಿ ಒಂದು ಸಾಲು ಹಾಕಿ ಸಾಕು, ಮನೆಯಲ್ಲೇ ಬಿಟ್ಟು ಬನ್ನಿ ಅಂತ. ಕಾರಿನಲ್ಲಿ ಬಿಟ್ಟು ಬನ್ನಿ ಅನ್ನಬೇಡಿ. ಇಲ್ಲಿ ಕಳುವಾಗೋ ಬಂದೂಕುಗಳಲ್ಲಿ ದೊಡ್ಡ ಪಾಲು ಕಾರಿನಿಂದಲೇ ಹೋಗೋದು.

ಎಡಿಸನ್ ಈರಣ್ಣ

ಹೇಮಕ್ಕ, ಊಟಕ್ಕೆ ಈ ಸಲ ಬಿಸಿಬೇಳೆಬಾತೋ ಹೋಳಿಗೆಯೋ, ಅದನ್ನೂ ಒಂದು ಸಾಲು ಹಾಕಿಸಿ.